ಹೆಣ ಓಣಿ ದಾಟುವವರೆಗೆ

ನಮ್ಮ ಬನಹಟ್ಟಿಯ ಓಣಿಯಲ್ಲಿ ಯಾರೇ ಸತ್ತರೂ, ಸುದ್ದಿ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಮಗ್ಗ ನಿಲ್ಲಿಸುತ್ತಾರೆ. ಹೆಣ ಓಣಿ ದಾಟುವವರೆಗೆ ಮತ್ತೆ ಹಚ್ಚುವುದಿಲ್ಲ. ವ್ಯಾಪಾರಿ ಸೀರೆಗಾಗಿ ಎಷ್ಟೇ ಅವಸರ ಮಾಡಲಿ, ಈ ವಿಷಯದಲ್ಲಿ ನಮ್ಮವರು ಯಾರಿಗೂ ಸೊಪ್ಪು ಹಾಕುವುದಿಲ್ಲ.

ಅಕ್ಕನ ಮಗಳು ಸತ್ತ ದಿನವೂ ಹಾಗೇ ಆಯಿತು. ಕಾಲೇಜಿನಿಂದ ಬರುತ್ತಿದ್ದ ಹುಡುಗಿಯನ್ನು ಕಬ್ಬಿನ ಹೊಲಕ್ಕೆ ಎಳೆದು ಯಾರೋ ಕೊಂದಿದ್ದರು. ಜಮಖಂಡಿಯ ಆಸ್ಪತ್ರೆಯಿಂದ ಹೆಣ ಬಂದು, ಮಣ್ಣಿಗೆ ಹೋಗುವವರೆಗೆ ಓಣಿ ಮೌನವಾಗಿತ್ತು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಹುಡುಗನೂ ತನ್ನ ಮಗ್ಗ ನಿಲ್ಲಿಸಿ ಬಂದು ನಮ್ಮ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಪೊಲೀಸರು ಹಿಡಿದದ್ದು ಅವನನ್ನೇ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಕೇಸು ನಡೆದಷ್ಟು ಕಾಲ ನಾನು ಗಲ್ಲು, ಗಲ್ಲು ಎಂದೇ ಜಪಿಸಿದೆ. ಲೋಕಾಪುರದ ಚಹಾದಂಗಡಿಯಲ್ಲಿ ನಿವೃತ್ತ ಮಾಸ್ತರರೊಬ್ಬರು, ಜೀವ ತೆಗೆಯುವ ಹಕ್ಕು ಸರ್ಕಾರಕ್ಕೂ ಇರಬಾರದು ಎಂದು ತಣ್ಣಗೆ ಹೇಳಿದರು. ಬೆಂಕಿ ಬಿದ್ದದ್ದು ನಿಮ್ಮ ಮನೆಗಲ್ಲವಲ್ಲ ಎಂದು ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಅಕ್ಕನೂ ಕೋರ್ಟಿನಲ್ಲಿ ಗಲ್ಲನ್ನೇ ಕೇಳಿದಳು.

ಗಲ್ಲಿನ ತೀರ್ಪೇ ಬಂತು. ಓಣಿಯ ಹುಡುಗರು ಪಟಾಕಿ ಹೊಡೆದರು, ನಾನು ಪೇಢೆ ಹಂಚಿದೆ. ಮನೆಗೆ ಬಂದರೆ ಅಕ್ಕ ಮಗ್ಗ ನಿಲ್ಲಿಸಿ ಕೂತಿದ್ದಳು. ಯಾಕೆ ಎಂದು ಕೇಳಿದೆ.

“ಓಣ್ಯಾಗ ಸಾವಿನ ಸುದ್ದಿ ಬಂದೈತಿ. ಮಗ್ಗ ಹಚ್ಚಬಾರದು.”

ನನಗೆ ತಲೆ ಕೆಟ್ಟಿತು. ಕೊಂದವನಿಗೂ ಸೂತಕವೇ ಎಂದು ಒದರಾಡಿ ಮಗ್ಗದ ಸ್ವಿಚ್ಚು ಒತ್ತಿದೆ. ಅಕ್ಕ ಬಂದು ಆರಿಸಿದಳು. ಅವನು ಸಾಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ, ಆದರೆ ಸಾವು ಸಾವೇ ಎಂದಳು.

ಎಡವಟ್ಟಾದದ್ದು ಅಲ್ಲೇ. ಕೇಸು ಹೈಕೋರ್ಟಿಗೆ ಹೋಯಿತು, ಅವನು ಜೈಲಿನಲ್ಲಿ ಉಂಡುಕೊಂಡು ಕೂತ. ಸಾವಿನ ಸುದ್ದಿ ಬಂದಿದೆ, ಹೆಣ ಹೋಗುವುದು ಯಾವಾಗ? ಅರ್ಧ ನೇಯ್ದ ಸೀರೆಯ ಮೇಲೆ ಧೂಳು ಕೂತಿತು. ಅಕ್ಕನಿಗೆ ಊಟ ಸೇರದಾಯಿತು, ಮಾತೂ ನಿಂತಿತು. ಮಗಳ ಹಿಂದೆ ಇವಳೂ ಹೋಗಿಬಿಡುತ್ತಾಳೆ ಎಂದು ನಾನು ಹೆದರಿದೆ.

ಒಂದು ಮಧ್ಯಾಹ್ನ ಅವನ ತಾಯಿ ಬಂದು ಹೊಸ್ತಿಲ ಹೊರಗೆ ನಿಂತಳು. ಮಗ ಸಿಕ್ಕಿಬಿದ್ದ ಮೇಲೆ ಆ ಮುದುಕಿ ನಮ್ಮ ಕಡೆ ಮುಖ ಎತ್ತಿರಲಿಲ್ಲ. ನಾನು ಬೈಯಲು ಬಾಯಿ ತೆರೆದೆ. ಅಕ್ಕ ಕೈ ಮಾಡಿ ತಡೆದಳು.

“ಮಗ್ಗ ಚಾಲೂ ಮಾಡ ತಂಗಿ,” ಎಂದಳು ಮುದುಕಿ. “ನನ್ನ ಮಗಾ ಇನ್ನೂ ಸತ್ತಿಲ್ಲ.”

ಅಕ್ಕ ಅವಳತ್ತ ತಿರುಗಿದಳು.

“ಸತ್ತ ದಿನಾ ಬಂದ ಹೇಳ್ತಿಯೇನಬೇ?”

“ಹೇಳ್ತೀನಿ.”

ಅಕ್ಕ ಎದ್ದು, ಸೀರೆಯ ಧೂಳು ಜಾಡಿಸಿ, ಮಗ್ಗ ಹಚ್ಚಿದಳು.

ಅಪೀಲು ಇನ್ನೂ ಮುಗಿದಿಲ್ಲ. ಅವನಿಗೆ ಗಲ್ಲೇ ಆಗಬೇಕು ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಎಳೆ ಹರಿದು ನಮ್ಮ ಮಗ್ಗ ನಿಂತರೆ ಸಾಕು, ಪಕ್ಕದ ಮನೆಯ ಬಾಗಿಲು ತೆರೆಯುತ್ತದೆ. ಮಗನ ಸುದ್ದಿ ತನಗಿಂತ ಮೊದಲು ನಮಗೇ ಮುಟ್ಟಿತೇನೋ ಎಂದು ಮುದುಕಿ ಹೊರಗೆ ಬಂದು ನಮ್ಮ ಬಾಗಿಲನ್ನೇ ನೋಡುತ್ತ ನಿಲ್ಲುತ್ತಾಳೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ಎಳೆಗೆ ಗಂಟು ಹಾಕಿ ಮಗ್ಗ ಹಚ್ಚುತ್ತೇನೆ.