ಮಂಚವಿದ್ದ ಜಾಗ

ಬಾಡಿಗೆ ಮನೆಯನ್ನು ಸುಂಕಮ್ಮನಷ್ಟು ಚೊಕ್ಕಟ ಮಾಡಿ ಬಿಟ್ಟವರನ್ನು ರಾಯದುರ್ಗದ ನಮ್ಮ ಓಣಿಯಲ್ಲಿ ನಾನು ಕಂಡಿಲ್ಲ. ಉಳಿದವರು ಮೊಳೆಗೆ ಹಳೇ ಕ್ಯಾಲೆಂಡರು ಬಿಟ್ಟು, ಮೂಲೆಗೆ ಮೊಂಡು ಪೊರಕೆ ಒಗೆದು ಹೋಗುತ್ತಾರೆ. ಇವಳು ಸ್ವಿಚ್ಚಿನ ಸುತ್ತ ಕೂತ ಜಿಡ್ಡನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು. ಹೊರಗೆ ಹಾಕಿದವರ ಮನೆಯನ್ನು ಹೀಗೆ ತಿಕ್ಕುವುದು ನೋಡಿ ನನಗೆ ಮೈ ಉರಿದುಹೋಯಿತು.

ನಾವಿಬ್ಬರೂ ಜೀನ್ಸ್ ಹೊಲಿಯುವವರು. ನಾನು ಜೇಬು ಕೂರಿಸುತ್ತೇನೆ, ಅವಳು ಜಿಪ್ಪು. ಅವಳ ಗಂಡ ಉಚ್ಚಂಗೆಪ್ಪ ಬೊಮ್ಮನಹಾಳ್ ಕಡೆಯವನು, ಮಾರ್ಕೆಟ್ಟಿನಲ್ಲಿ ಹಮಾಲಿ. ಒಂದು ಕಾಲಕ್ಕೆ ಜೋಳದ ಚೀಲ ಹೊತ್ತುಕೊಂಡೇ ಜಗಳ ಆಡುತ್ತಿದ್ದ ಗಟ್ಟಿ ಆಳು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಈಗ ಮಂಚಕ್ಕೆ ಅಂಟಿಕೊಂಡಿದ್ದ. ಬಳ್ಳಾರಿಯಲ್ಲಿ ಡಾಕ್ಟರು ಕೊನೆಗೆ, "ಮನೆಗೆ ಕರಕೊಂಡು ಹೋಗ್ರಿ, ಏನು ಕೇಳ್ತಾರೋ ತಿನ್ನಾಕ ಕೊಡ್ರಿ" ಎಂದರು. ಹಾಗೆಂದರೆ ಏನೆಂದು ಊರಿಗೆಲ್ಲ ಗೊತ್ತು. ಉಚ್ಚಂಗೆಪ್ಪ ಮಾತ್ರ ಅದನ್ನು ಶುಭವಾರ್ತೆ ಅಂದುಕೊಂಡ.

"ಪಥ್ಯ ಇಲ್ಲ ಅಂದ್ರ ರೋಗ ಹೋತು ಅಂತಲ್ಲೇನವ್ವಾ ವಿಜಯಲಕ್ಷ್ಮಿ? ಇನ್ನ ಮೈಗೆ ಶಕ್ತಿ ಬಂದ್ರ ಆತು" ಎಂದು ನನ್ನ ಮುಂದೆ ನಗುತ್ತಿದ್ದ. ಸುಂಕಮ್ಮ ಹೂಂ ಎನ್ನುತ್ತಿದ್ದಳು. ಅವನಿಗೆ ಇದೊಂದು ತಿಳಿಯಬಾರದು, ತಿಳಿಯದೇ ಕಣ್ಣು ಮುಚ್ಚಬೇಕು ಎನ್ನುವುದೇ ಅವಳ ಹಟ. ಬೇರೆ ಯಾವ ಆಸೆಯನ್ನೂ ಅವಳು ಉಳಿಸಿಕೊಂಡಿರಲಿಲ್ಲ.

ಮನೆ ಮಾಲೀಕ ಮರುಳಪ್ಪ ಕೆಟ್ಟವನಲ್ಲ, ಅಂಜುಬುರುಕ. ಅವನ ಸಂಸಾರಕ್ಕೂ ಇವರಿಗೂ ಒಂದೇ ತಲೆಬಾಗಿಲು. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಇಡೀ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕು ಎನ್ನುತ್ತಾರೆ ಶಾಸ್ತ್ರದವರು. ಅವನ ಮಗಳು ಅರ್ಚನಾ ಬಾಣಂತನಕ್ಕೆ ಬರುವವಳಿದ್ದಳು. ಅವನು ಸುಂಕಮ್ಮನನ್ನು ನಲ್ಲಿಯ ಹತ್ತಿರ ಕರೆದು, "ತಪ್ಪು ತಿಳಕೋಬ್ಯಾಡ್ರಿ, ಹಸಗೂಸು ಬರೋ ಮನಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಬೇರೆ ಮನೆ ಹುಡುಕಿಕೊಂಡು ಅವಳೂ ನಾನೂ ಅಲೆದೆವು. ಕಾಯಿಲೆಯವರು ಇದ್ದಾರೆ ಅಂದ ಕೂಡಲೇ ಖಾಲಿ ಮನೆಗಳೆಲ್ಲ ತುಂಬಿಬಿಡುತ್ತಿದ್ದವು.

ಉಳಿದದ್ದು ಊರಾಚೆ ಪಟ್ಟಾ ಸಿಕ್ಕ ಅವರದೇ ಜಾಗ. ಗೋಡೆ ಎದ್ದಿತ್ತು, ಮೇಲೆ ಆಕಾಶ. ಮಾರ್ಕೆಟ್ಟಿನ ಹಮಾಲರು ಸೇರಿ ಒಂದು ಮೂಲೆಗೆ ತಗಡು ಹೊದಿಸಿಕೊಟ್ಟರು. ಗಂಡನಿಗೆ ಅವಳು ಹೇಳಿದ್ದೇ ಬೇರೆ: "ಅರ್ಚನಾ ಬರ್ತಾಳ, ಅವರಿಗೆ ಜಾಗ ಬೇಕಂತ್ರಿ. ನಾವೂ ಸ್ವಂತ ಮನ್ಯಾಗ ಇರಾಣ." ಉಚ್ಚಂಗೆಪ್ಪ ಹಿಗ್ಗಿ ಹೋದ. ದೀಪಾವಳಿ ಒಳಗೆ ತಾನೇ ನಿಂತು ಸ್ಲ್ಯಾಬು ಹಾಕಿಸುತ್ತೇನೆಂದ.

ಬಿಡುವ ದಿನ ಬೆಳಿಗ್ಗೆ ಅವನ ಮಂಚವನ್ನು ನಡುವೆ ಇಟ್ಟುಕೊಂಡೇ ನಾವಿಬ್ಬರೂ ಮನೆ ತೊಳೆದೆವು. ಜೇಡರ ಬಲೆ ಹೊಡೆದೆವು, ಒಲೆಯ ಕಟ್ಟೆ ತಿಕ್ಕಿದೆವು. ದೇವರ ಗೂಡಿನ ಎಣ್ಣೆಮಸಿ ಮಾತ್ರ ಬಿಡಲಿಲ್ಲ, ಸುಂಕಮ್ಮ ಸೋಡಾಪುಡಿ ಹಾಕಿ ಉಗುರಿನಿಂದ ಕೆರೆದಳು. ಮಂಚದ ಮೇಲಿನಿಂದ ಅವನ ತಮಾಷೆ ನಡೆದೇ ಇತ್ತು. "ಅಷ್ಟು ತಿಕ್ಕಿದ್ರ ಗ್ವಾಡಿ ತೂತು ಬೀಳ್ತದ. ಮರುಳಪ್ಪ ನಮಗ ಲೆಕ್ಕ ಹಚ್ಚತಾನ ನೋಡು." ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗಾಣಿ ಮಿರ್ಚಿ ಕೊಡಿಸಬೇಕೆಂದು ನನ್ನಿಂದ ಮಾತು ತೆಗೆದುಕೊಂಡ.

ಮಧ್ಯಾಹ್ನ ಲಗೇಜ್ ಆಟೋ ಬಂತು. ಹಮಾಲರು ಅವನನ್ನು ಮಂಚದ ಸಮೇತ ಎತ್ತಿ, ತಲೆ ಕ್ಯಾಬಿನ್ನಿನ ಕಡೆಗೆ, ಮುಖ ಮನೆಯ ಕಡೆಗೆ ಮಾಡಿ ಇಟ್ಟರು. ಒದ್ದೆ ನೆಲದ ನಡುವೆ ಮಂಚವಿದ್ದಷ್ಟು ಜಾಗ ಒಣಗಿ ಉಳಿಯಿತು. ಮರುಳಪ್ಪನ ಹೆಂಡತಿ ಕೃಷ್ಣವೇಣಿ ಅರಿಸಿನದ ನೀರು ತುಂಬಿದ ಬಕೆಟ್ಟು ಹಿಡಿದು ಆಗಲೇ ಹೊಸ್ತಿಲಲ್ಲಿ ನಿಂತಿದ್ದಳು. ಸುಂಕಮ್ಮ ಬಕೆಟ್ಟಿಗೆ ಕೈ ಹಾಕಿ ತಡೆದು, ಆಟೋಗೆ ಕೇಳದಂತೆ ಪಿಸುಗುಟ್ಟಿದಳು.

"ಬ್ಯಾಡ್ರಿ. ಅವರು ಓಣಿ ದಾಟೋಮಟ ಆ ಜಾಗಕ್ಕ ನೀರು ಹಾಕಬ್ಯಾಡ್ರಿ. ಹೆಣ ಎತ್ತಿದ ಹಿಂದ ತೊಳೀತಾರಲ್ಲ, ಹಂಗ ಕಾಣತದ."

ಕೃಷ್ಣವೇಣಿ ಮುಖ ಸಪ್ಪಗೆ ಮಾಡಿಕೊಂಡು ಬಕೆಟ್ಟನ್ನು ಕೆಳಗಿಟ್ಟಳು.

ಇನ್ನೇನು ಹೊರಡಬೇಕು. ಇಷ್ಟು ವರ್ಷ ನೆರಳು ಕೊಟ್ಟ ಮನೆಯನ್ನು ಕತ್ತಲಲ್ಲಿ ಬಿಡಬಾರದೆಂದು ಸುಂಕಮ್ಮ ಸೆರಗಿನ ಮರೆಯಿಂದ ಹಣತೆ ತೆಗೆದಳು. ನಮ್ಮಲ್ಲಿ ದೀಪ ಹಚ್ಚಿ ಕೈಮುಗಿದೇ ಮನೆ ಬಿಡುವುದು. ದೇವರ ಗೂಡಿನಿಂದ ಇನ್ನೂ ನೀರು ಇಳಿಯುತ್ತಿತ್ತು. ನೆಲವೆಲ್ಲ ಒದ್ದೆ. ಎಲ್ಲಿಡಲಿ ಎಂದು ಆಚೆ ಈಚೆ ನೋಡಿದಳು. ಬೆಳಗಿನಿಂದ ಬಗ್ಗಿ ಬಗ್ಗಿ ಅವಳ ತಲೆ ಓಡುತ್ತಿರಲಿಲ್ಲ. ಒಣಗಿದ್ದ ಒಂದೇ ಜಾಗದಲ್ಲಿ ಹಣತೆ ಇಟ್ಟು, ಹಚ್ಚಿ, ಕೈಮುಗಿದಳು. ನಾನೂ ಪಕ್ಕದಲ್ಲೇ ನಿಂತು ಕೈಮುಗಿದೆ. ನನಗೂ ಹೊಳೆಯಲಿಲ್ಲ.

"ಸುಂಕಮ್ಮಾ."

ಆಟೋದಿಂದ ಬಂದ ದನಿಯಲ್ಲಿ ತಮಾಷೆ ಇರಲಿಲ್ಲ. ತೆರೆದ ಬಾಗಿಲಲ್ಲಿ ಅವನಿಗೆ ನಡುಮನೆ ನೇರ ಕಾಣುತ್ತಿತ್ತು.

"ಅದು ನನ್ನ ಮಂಚ ಇದ್ದ ಜಾಗ ಅಲ್ಲೇನು?"

ಅವಳು ಕೆಳಗೆ ನೋಡಿದಳು. ಆಗ ಕಂಡಿತು ಅವಳಿಗೆ. ನಮ್ಮಲ್ಲಿ ಜೀವ ಹೋದ ಜಾಗದಲ್ಲಿ ಹಾಗೆ ನೆಲದ ಮೇಲೆ ದೀಪ ಇಡುತ್ತಾರೆ, ಕರ್ಮ ಮುಗಿಯುವ ತನಕ.

"ಈಗ್ಲೇ ಹಚ್ಚಿಬಿಟ್ಯಾ?" ಎಂದ ಉಚ್ಚಂಗೆಪ್ಪ.

ಹಮಾಲರು ಹಗ್ಗ ಬಿಗಿಯುವುದನ್ನು ಬಿಟ್ಟು ನಿಂತರು. ಸುಂಕಮ್ಮ ಹಣತೆಯ ಕಡೆ ಬಗ್ಗಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಇಟ್ಟಿದ್ದೂ ತಪ್ಪು, ಅವನ ಕಣ್ಣೆದುರು ಆರಿಸಿದರೆ ಅದಕ್ಕಿಂತ ತಪ್ಪು. ಬಾಗಿಲಿಗೆ ಬಂದು, "ದೇವರ ಗೂಡು ಹಸಿ ಇತ್ರಿ. ಎಲ್ಲಾ ಕಡಿ ಹಸಿ. ಅದಕ್ಕ ಅಲ್ಲಿ ಇಟ್ಟೆ. ನಿಮ್ಮಾಣಿ" ಎಂದಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಹೇಳಿದ ಸುಳ್ಳನ್ನೆಲ್ಲ ನಂಬಿಕೊಂಡು ಬಂದ ಮನುಷ್ಯ ಈ ಒಂದು ನಿಜವನ್ನು ನಂಬಲಿಲ್ಲ.

ಅವನು ಅವಳನ್ನು ಬಿಟ್ಟು, ಆಟೋ ಪಕ್ಕದಲ್ಲಿ ನಿಂತಿದ್ದ ಮರುಳಪ್ಪನ ಕಡೆ ನೋಡಿದ. ಮರುಳಪ್ಪ ಬೀದಿಯ ಕಡೆ ಮುಖ ತಿರುಗಿಸಿದ. ಆಮೇಲೆ ಉಚ್ಚಂಗೆಪ್ಪ ಬಕೆಟ್ಟಿನಲ್ಲಿದ್ದ ಅರಿಸಿನದ ನೀರನ್ನು ನೋಡಿದ.

"ಪಥ್ಯ ಇಲ್ಲ ಅಂದಿದ್ದು ಅದಕ್ಕನಾ?" ಎಂದು ಕೇಳಿದ. ಯಾರನ್ನು ಕೇಳಿದನೋ.

ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಆಟೋ ನಿಲ್ಲಿಸಿ ಒಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಸುಂಕಮ್ಮ ಒಂದು ತುತ್ತು ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ. ಆ ತಗಡಿನ ಕೆಳಗೆ ಅವನು ಇನ್ನೂ ಕೆಲವು ದಿನ ಇದ್ದ. ಸ್ಲ್ಯಾಬಿನ ಮಾತು ಮತ್ತೆ ಎತ್ತಲಿಲ್ಲ. ಸಂಜೆ ಸುಂಕಮ್ಮ ದೇವರಿಗೆ ದೀಪ ಹಚ್ಚಲು ಎದ್ದರೆ, ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ.