ಪಾಲಿಶ್ ಮಾಡಿದ ಹರಳೆಣ್ಣೆ

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಭಾವನಿಗೆ ಪಾಲಿಶ್ ಎಂದರೆ ಪ್ರಾಣ. ಅವರ ಗಿರಣಿಯಿಂದ ಹೊರಬಿದ್ದ ಅಕ್ಕಿಯಲ್ಲಿ ಬಿಳುಪು ಬಿಟ್ಟರೆ ಮತ್ತೇನೂ ಉಳಿದಿರುವುದಿಲ್ಲ. ಅಂಥವರು ಹಂಪಿಯಲ್ಲಿ ಪ್ರವಾಸಿಗರಿಗೆ ‘ಅಜ್ಜಿ ಕೈಯ ಹರಳೆಣ್ಣೆ’ ಮಾರುವ ಅಂಗಡಿ ತೆರೆದರು. ಗೋಡೆಯ ತುಂಬ ಪರಂಪರೆ, ಸಂಸ್ಕೃತಿ ಎಂದು ದಪ್ಪ ಅಕ್ಷರ.

ಆ ಅಂಗಡಿಯ ಎಣ್ಣೆ ಬಾಟಲಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದು ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ನಮ್ಮ ಮನೆಗಳಲ್ಲಿ ಅವತ್ತು ಅಜ್ಜಿ ಕಾಯಿಸಿದ ಹರಳೆಣ್ಣೆಯನ್ನು ಕೂಸಿನ ನೆತ್ತಿಗಿಟ್ಟೇ ಎರೆಯಬೇಕು. ಅಕ್ಕನಿಗೆ ಇದ್ದದ್ದು ಅದೊಂದೇ ಆಸೆ. ವರ್ಷಾ ವರ್ಷ ಔಡಲದ ಬೀಜ, ಅಂದರೆ ಹರಳು, ಹುರಿದು, ಕುಟ್ಟಿ, ಗಡಿಗೆಯಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಬಳಿದು ತೆಗೆಯುತ್ತಿದ್ದವಳು ಅವಳು. ಮನೆಯೆಲ್ಲ ಹೊಗೆ, ನಾತ ಎಂದು ಅದನ್ನು ನಿಲ್ಲಿಸಿದವರು ಭಾವ.

ಬಾಟಲಿ ಬಗ್ಗಿಸಿದೆ. ಎಣ್ಣೆ ನೀರಿನ ಹಾಗೆ ಹರಿಯಿತು.

“ಭಾವ, ಇದಕ್ಕೇನು ಬೆರೆಸೀರಿ?”

“ಅಂಟು ಭಾಳ ಅಂತ ಗಿರಾಕಿ ಗೊಣಗ್ತಿದ್ರು ಮಾಸ್ತರ. ತೌಡಿನ ಎಣ್ಣಿ ಹಾಕಿ ತೆಳ್ಳಗ ಮಾಡೀನಿ. ಎಣ್ಣಿ ಅಂದ್ರ ಎಣ್ಣಿ, ಅದ್ರಾಗೇನೈತಿ?”

ಅದ್ರಾಗೇನೈತಿ ಅಂತೆ. ಹೊಸಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಮೈಯೆಲ್ಲ ಉರಿಯಿತು. ಒಲೀಕ್ ಆಮ್ಲ ಎಂಬ ಕೊಬ್ಬಿನಾಮ್ಲವನ್ನು ಎಲ್ಲ ಗಿಡಗಳೂ ಮಾಡುತ್ತವೆ. ಔಡಲಕ್ಕೆ ಅಷ್ಟು ಸಾಲದು. ಅದರ ಬೀಜದೊಳಗಿನ ಒಂದು ಕಿಣ್ವ ಆ ಆಮ್ಲದ ಉದ್ದ ಸರಪಳಿಯ ಹನ್ನೆರಡನೆಯ ಇಂಗಾಲಕ್ಕೆ ಆಮ್ಲಜನಕ, ಜಲಜನಕದ ಒಂದು ಜೋಡಿಯನ್ನು ಸಿಕ್ಕಿಸುತ್ತದೆ. ಭಾವ ಓಡಿಸಲು ಹೊರಟ ಅಂಟು ಬರುವುದೇ ಅಲ್ಲಿಂದ. ಆ ಕಿಣ್ವವನ್ನು ಮಾಡುವ ವಂಶವಾಹಿಯನ್ನು ಬೇರೆ ಗಿಡಕ್ಕೆ ಸೇರಿಸಿದರೆ, ಅದು ಹೊಸ ಆಮ್ಲವನ್ನು ನಿಭಾಯಿಸಲಾರದೆ ಒದ್ದಾಡುತ್ತದೆ. ಇದ್ದ ಎಣ್ಣೆಯೂ ಕಡಿಮೆಯಾಗುತ್ತದೆ. ದೊಡ್ಡ ಲ್ಯಾಬುಗಳಿಗೇ ಸುಲಭಕ್ಕೆ ಒಲಿಯದ ಈ ಕೆಲಸವನ್ನು ಔಡಲ ತಿಪ್ಪೆಯ ಮೇಲೆ ನಿಂತು ಮಾಡುತ್ತದೆ. ಅದನ್ನು ನಮ್ಮ ಭಾವ ಒಂದು ಡಬ್ಬಿ ತೌಡಿನೆಣ್ಣೆ ಸುರಿದು ಸುಧಾರಿಸಿದ್ದರು.

ಇಷ್ಟನ್ನೂ ಹೇಳಿದೆ. ಆಕಳಿಸಿದರು. ಆಮೇಲೆ ಸಂಡೂರಿನಿಂದ ಬಂದಿದ್ದ ಬೀಗರ ಮುಂದೆ ಕೂತು, ಹಿರಿಯರ ಜ್ಞಾನ ಹೇಗೆ ಹಾಳಾಗುತ್ತಿದೆ ಎಂದು ಭಾಷಣ ಶುರುಮಾಡಿದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ನೀರು ಕಾಯಿತು. ಅಕ್ಕ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆಗೆ ಕೈ ಚಾಚಿದಳು. ಬೇರೆ ದಾರಿ ಕಾಣದೆ ನಾನು ಆ ಬಾಟಲಿಯನ್ನೇ ಕೊಡಲು ಹೋದೆ. ಭಾವ ಅದನ್ನು ಕಸಿದುಕೊಂಡು ಬೆನ್ನ ಹಿಂದೆ ಹಿಡಿದರು.

“ಇದು ಬ್ಯಾಡ,” ಎಂದರು ಮೆಲ್ಲಗೆ, ಬೀಗರಿಗೆ ಕೇಳದ ಹಾಗೆ. “ನಮ್ಮ ಕೂಸಿಗೆ ನೀ ಕಾಯಿಸಿದ್ದ ಹಚ್ಚು.”

ಹಂಪಿಗೆ ಬಂದವರ ಕೂಸುಗಳಿಗೆ ಇದೇ ಸಾಕಾಗಿತ್ತು.

“ಎಲ್ಲೈತ್ರಿ ಕಾಯಿಸಿದ್ದು?” ಎಂದಳು ಅಕ್ಕ. “ಗಡಿಗಿ ನೀವ ಒಯ್ದು ಅಂಗಡ್ಯಾಗ ಇಟ್ಟೀರಲ್ಲ, ಮಂದಿ ಫೋಟೋ ತಗೊಳ್ಳಾಕ.”

ಭಾವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಅಕ್ಕ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು, ತಂಬಿಗೆ ಎತ್ತಿ, ಮೊಮ್ಮಗಳ ಒಣ ನೆತ್ತಿಗೇ ನೀರು ಹಾಕಿದಳು.