ಎಳೆ ಸೇರಿಸುವ ದಿನ ಅತ್ತೆ ಹೇಳಿದ ಕತೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂದು ಮಗ್ಗದ ಮೇಲಿದ್ದ ರೇಷ್ಮೆ ಕೆಂಪೋ ನೇರಳೆಯೋ ನನಗೆ ಖಾತ್ರಿಯಿಲ್ಲ. ಅಮ್ಮನನ್ನು ಕೇಳಿದರೆ ಎರಡೂ ಅಲ್ಲ, ಹಸಿರು ಎನ್ನುತ್ತಾಳೆ. ನಾನು ಮೈಸೂರಿಗೆ ಓದಲು ಹೋಗುವುದೋ ಬೇಡವೋ ಎಂಬುದು ಅದೇ ದಿನ ತೀರ್ಮಾನವಾಯಿತು ಎಂದು ಮಾತ್ರ ಬಲವಾಗಿ ನಂಬಿದ್ದೇನೆ. ನಂಬಿದ್ದೆಲ್ಲ ನಡೆದದ್ದಲ್ಲ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

“ಪಿಯುಸಿ ಆಯ್ತಲ್ಲ, ಸಾಕು. ಮಗ್ಗಕ್ಕೆ ಕೈ ಬೇಕು,” ಎಂದು ಅಪ್ಪ ಹೇಳಿ ಒಂದು ವಾರವಾಗಿತ್ತು. ನಾನು ಅತ್ತು ಕೂಗಾಡಿದೆ. ಅವನು ಜಗ್ಗಲಿಲ್ಲ. ಅಷ್ಟರಲ್ಲಿ ಮಗ್ಗದ ಹಾಸು, ಅಂದರೆ ಸೀರೆಯ ಉದ್ದಕ್ಕೂ ಓಡುವ ಎಳೆ, ಮುಗಿಯಿತು.

ಹಾಸು ಮುಗಿದರೆ ನಾವು ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಕೊನೆಯ ಗೇಣನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಸೇರಿಸುತ್ತೇವೆ. ಸಾವಿರಾರು ಎಳೆ. ಆ ಕೆಲಸಕ್ಕೆ ಬಂಡಳ್ಳಿಯಿಂದ ಅಪ್ಪನ ಅಕ್ಕ, ನನ್ನ ಅತ್ತೆ, ಬರುತ್ತಿದ್ದಳು. ಎಳೆ ಜಾರದಂತೆ ಬೆರಳಿಗೆ ಹಚ್ಚಿಕೊಳ್ಳಲು ತನ್ನ ಒಲೆಯ ಬೂದಿಯನ್ನು ಸೋಸಿ ಡಬ್ಬಿಯಲ್ಲಿ ತರುತ್ತಿದ್ದಳು. ಅಪ್ಪ ಎದುರು ಕುಳಿತು ಎಳೆ ಬಿಡಿಸಿಕೊಡಬೇಕು, ಊಟಕ್ಕೆ ಬಿಟ್ಟರೆ ಎದ್ದು ಹೋಗುವ ಹಾಗಿಲ್ಲ. ಅಜ್ಜಿಯ ಕಾಲದಿಂದ ಬಂದ ಇನ್ನೊಂದು ಕಟ್ಟಳೆಯೂ ಇತ್ತು: ಎಳೆ ಸೇರಿಸುವಾಗ ಜಗಳದ ಮಾತು ಎತ್ತಬಾರದು, ಎತ್ತಿದರೆ ಎಳೆ ನಿಲ್ಲುವುದಿಲ್ಲ. ಕತೆ ಹೇಳಬಹುದು.

ನಾನು ಮೂಲೆಯಲ್ಲಿ ರಾಟೆ ತಿರುಗಿಸುತ್ತಾ ಕುಳಿತಿದ್ದೆ.

“ನಮ್ಮೂರಲ್ಲಿ ಒಬ್ಳು ಅವ್ಳೆ ಕಣ್ಲಾ,” ಎಂದು ಅತ್ತೆ ಶುರುಮಾಡಿದಳು. “ಪಕ್ಕದ್ ಮನೆ ತಾಯಿಲ್ಲದ್ ಕೂಸ್ನ ಸಾಕಿದ್ಲು. ಅದ್ನ ಯಳಂದೂರ್ಗೆ ಮದ್ವೆ ಮಾಡಿ ಕೊಟ್ರು. ಹೆರ್ಗೆ ನೋವು ಬಂದದೆ ಅಂತ ಸುದ್ದಿ ಬಂತು, ಇವ್ಳು ಒಂಟ್ಲು. ಕೊಳ್ಳೇಗಾಲ ಸ್ಟ್ಯಾಂಡ್ನಲ್ಲಿ ಇಳುದ್ರೆ ಬೋರ್ಡು ಓದಕ್ಕೆ ಬರಲ್ಲ, ಕೇಳಕ್ಕೆ ನಾಚ್ಕೆ. ಜನ ನುಗ್ಗಿದ್ ಬಸ್ಸಿಗೆ ತಾನೂ ನುಗ್ಗುದ್ಲು. ಅದು ಹನೂರ್ ಬಸ್ಸು, ಬಂದ ಕಡೀಕೇ ವಾಪಸ್ ಓಗೋದು.”

“ಬಂದ ದಾರೀನೇ ಗೊತ್ತಾಗ್ಲಿಲ್ವ ಅವ್ಳಿಗೆ?” ಎಂದ ಅಪ್ಪ.

“ನಿಂತ್ಕಂಡಿದ್ಲು ಕಣ್ಲಾ. ಜನಗಳ ಬೆನ್ನು ಬಿಟ್ರೆ ಏನ್ ಕಂಡದು? ಕಂಡಕ್ಟ್ರು ಇವ್ಳತ್ರ ಬರೋ ಒತ್ಗೆ ಹನೂರೂ ದಾಟಿತ್ತು. ಕೌದಳ್ಳೀಲಿ ಇಳ್ಸುದ್ರು.”

ಅಪ್ಪ ನಕ್ಕುಬಿಟ್ಟ. “ಯಳಂದೂರ್ಗೆ ಅಂತ ಒಂಟೋಳು ಕೌದಳ್ಳಿಗಾ!”

“ನಗು, ನಗು,” ಎಂದು ಅತ್ತೆ ಬೆರಳಿಗೆ ಮತ್ತೆ ಬೂದಿ ಹಚ್ಚಿಕೊಂಡಳು. ಎಳೆಗಳು ಸೇರುತ್ತಲೇ ಇದ್ದವು.

“ಆಮೇಲೆ ಏನಾಯ್ತಕ್ಕ?”

“ಕೊನೇಲಿ ಅಂಚಿನ್ ಎಳೆ ಬರ್ಲಿ, ಯೋಳ್ತೀನಿ.”

ಊಟ ಮುಗಿಸಿ ಬಂದು ಕುಳಿತಾಗಲೂ ಅಪ್ಪ ಕೇಳಿದ, ಅವಳು ಹೇಳಲಿಲ್ಲ. ಅಂಚು ಹತ್ತಿರ ಬಂದ ಮೇಲೆ, ಬೆರಳು ನಿಲ್ಲಿಸದೆ ಹೇಳಿದಳು: “ಮಾರ್ನೆ ದಿನ ಯಳಂದೂರು ಸೇರುದ್ಲು. ಮಗ ಉಳ್ಕಂಡಿತ್ತು. ತಾಯಿ ಇರ್ಲಿಲ್ಲ. ‘ಅಕ್ಕ ಬಂದ್ಲಾ, ಅಕ್ಕ ಬಂದ್ಲಾ’ ಅಂತ ಕೇಳ್ತಾನೇ ಇದ್ಲಂತೆ.”

ಅಪ್ಪನ ಕೈಯಿಂದ ಎರಡು ಎಳೆ ಜಾರಿದವು. ಅತ್ತೆ ಬಗ್ಗಿ, ಕೂದಲಿಗಿಂತ ಸಣ್ಣ ಆ ತುದಿಗಳನ್ನು ಒಂದೇ ನೋಟಕ್ಕೆ ಹುಡುಕಿ ಹಿಡಿದಳು. “ಎಳೆ ಕೊಡ್ಲಾ,” ಎಂದಳು. ನನ್ನ ಹೆಸರನ್ನೂ ಕಾಲೇಜನ್ನೂ ಅವಳು ಎತ್ತಲೇ ಇಲ್ಲ.

ಸಂಜೆ ಅವಳನ್ನು ಬಸ್ಸು ಹತ್ತಿಸಲು ನಾನು ಹೊರಟಾಗ ಅಪ್ಪ ಹೊಸ್ತಿಲಲ್ಲಿ ಕೇಳಿದ: “ಅರ್ಜಿ ಆಕಕ್ಕೆ ಕೊನೆ ದಿನ ಯಾವತ್ತು?” ನನ್ನ ನೆನಪಿನಲ್ಲಿ ಇರುವುದು ಹೀಗೆ. ಅಮ್ಮನ ಪ್ರಕಾರ ಅವನು ಕೇಳಿದ್ದು ಎರಡು ದಿನದ ನಂತರ. ಅಪ್ಪನ ಪ್ರಕಾರ ಕತೆಯೇ ಇರಲಿಲ್ಲ: “ಯಾವ ಕತೆ? ಕಳ್ಸೋದು ಅಂತ ನಾನು ಮೊದ್ಲೇ ಅನ್ಕಂಡಿದ್ದೆ.” ಇರಬಹುದು. ಓದಿ ಬಂದವಳು ನಾನು, ಎಲ್ಲಕ್ಕೂ ಒಂದು ಕಾರಣ ಹುಡುಕುತ್ತೇನೆ, ಅದೂ ನಿಜ. ಆದರೂ ಈ ಕತೆಯನ್ನು ನಾನು ಬಿಟ್ಟುಕೊಡಲಾರೆ.

ಏಕೆಂದರೆ ಆ ಸಂಜೆ ಸ್ಟ್ಯಾಂಡಿನಲ್ಲಿ ಅತ್ತೆ ನನ್ನ ಕೈ ಹಿಡಿದು, “ಬೋರ್ಡು ಏನದೆ ನೋಡು ಕೂಸೇ, ನಂಗೆ ಕಣ್ಣು ಮಂಜು,” ಎಂದಿದ್ದಳು. ಬಂಡಳ್ಳಿ ಎಂದು ಓದಿ ಹತ್ತಿಸಿದ್ದೆ. ಕನ್ನಡಕವಿಲ್ಲದೆ ದಿನವಿಡೀ ರೇಷ್ಮೆಯ ತುದಿ ಹುಡುಕಿದ ಕಣ್ಣು ಅದು ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವಳಿಗೆ ಓದು ಬರುತ್ತದೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಕಳೆದ ತಿಂಗಳು ಮತ್ತೆ ಹಾಸು ಮುಗಿದು ಅತ್ತೆ ಬಂದಿದ್ದಳು. ಈಗ ಕನ್ನಡಕವಿದೆ. ಸ್ಟ್ಯಾಂಡಿನಲ್ಲಿ ಅದನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಆಮೇಲೆ ಬೋರ್ಡಿನ ಕಡೆ ನೋಡದೆ ನನ್ನ ಮುಖ ನೋಡಿದಳು. ನಾನು ಓದಿ ಹೇಳಿದೆ. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತು ಬೂದಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಂಬಿ ಹಿಡಿದು ನಾನು ಕೇಳಿದ ಪ್ರಶ್ನೆಗೆ, ಎರಡು ಸಲ ಫೋನು ಮಾಡಿದರೂ, ಇನ್ನೂ ಉತ್ತರ ಬಂದಿಲ್ಲ:

“ಅತ್ತೆ, ಅವತ್ತು ಕೌದಳ್ಳೀಲಿ ಇಳಿದವಳು ನೀನೇನಾ?”